ಒಂದೇ ಧಾಟಿ, ಐದು ಸಲ

ಬಾಖ್ ಅಂದ್ರೆ ಪಂಡಿತರಿಗೆ ಮಾತ್ರ ಅನ್ನೋರಿಗೆ ನಾನು ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಕೇಳಿ ಅಂತೀನಿ. ಸುಮಾರು ಮೂರು ಗಂಟೆಯ ಈ ಕೃತಿಯಲ್ಲಿ, ಲೈಪ್‌ಜಿಗ್‌ನ ಚರ್ಚಿಗೆ ಬರ್ತಿದ್ದ ಜನಕ್ಕೆ ಬಾಯಿಪಾಠವಾಗಿದ್ದ ಒಂದು ಸ್ತುತಿಗೀತೆಯ ಧಾಟಿ ಐದು ಸಲ ಬರುತ್ತೆ. ಧಾಟಿ ಅದೇ, ಅದರ ಕೆಳಗೆ ಜೊತೆಗೂಡುವ ದನಿಗಳು ಮಾತ್ರ ಹೆಚ್ಚಿನ ಸಲ ಬೇರೆ ಬೇರೆ. ಯೇಸು ಸತ್ತ ಮರುಕ್ಷಣ ಬರುವ ಐದನೆಯದನ್ನು ಕೇಳುವಾಗ ಕಾಲಡಿಯ ನೆಲ ಕುಸಿದ ಹಾಗಾಗುತ್ತೆ.

1723ರಿಂದ 1750ರಲ್ಲಿ ಸಾಯೋವರೆಗೂ ಬಾಖ್ ಆ ಊರಿನ ಮುಖ್ಯ ಚರ್ಚುಗಳ ಸಂಗೀತ ನಿರ್ದೇಶಕ. ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕೃತಿ. ನಮ್ಮ ಭಾಷೆಯಲ್ಲಿ ವಾರಕ್ಕೊಂದು ರಿಲೀಸ್! 1730ರಲ್ಲಿ ನಗರಸಭೆಗೆ ಕೊಟ್ಟ ಮನವಿಯಲ್ಲಿ ಅವನ ಟೀಮಿನ ಲೆಕ್ಕವಿದೆ: 54 ಹುಡುಗರಲ್ಲಿ ಪ್ರಯೋಜನಕ್ಕೆ ಬರುವವರು 17, ಇನ್ನೂ ಪಳಗಬೇಕಾದವರು 20, ಏನೂ ಆಗದವರು 17. ಅದೇ ವರ್ಷ ಹಳೇ ಗೆಳೆಯನಿಗೆ ‘ಬೇರೆ ಕೆಲಸ ಇದ್ರೆ ನೋಡು’ ಅನ್ನೋ ಅರ್ಥದ ಕಾಗದ ಬರೆದ. ಊರಲ್ಲಿ ಜನ ಆರೋಗ್ಯವಾಗಿದ್ರೆ ಶವಸಂಸ್ಕಾರದ ಸಂಭಾವನೆ ಕಮ್ಮಿಯಾಗುತ್ತೆ ಅಂತ ಗೊಣಗಾಟ ಬೇರೆ.

ಹಾಗಾಗಿ ಅವನನ್ನು ತೃಪ್ತ ಸಂತನನ್ನಾಗಿ ಮಾಡೋದು ಬೇಡ. ಆದರೂ, ಬೆಳೆಯೋದು ಅಂದ್ರೆ ಕಂಪನಿ ಬದಲಾಯಿಸೋದು ಅನ್ನುವ ನಮ್ಮ ಐಟಿ ಲೋಕದಲ್ಲಿ, ಆರು ವರ್ಷದಿಂದ ಒಂದೇ ಹಳೇ ಕೋಡ್ ನೋಡ್ಕೊಳ್ತಿರೋ ನನಗೆ ಇದು ಬರೀ ಸಂಗೀತದ ಮಾತಲ್ಲ. ನಮ್ಮೂರ ಭಜನೆಯಲ್ಲೂ ಧಾಟಿ ಎಲ್ಲರದ್ದು, ಎತ್ತಿಕೊಡೋದು ಮುಂದಾಳಿನ ಕೆಲಸ. ಊರವರೆಲ್ಲ ಬಲ್ಲ ಧಾಟಿಯನ್ನೇ ಐದನೇ ಸಲ ಎತ್ತಿಕೊಂಡಾಗ ಬಾಖ್ ಎಷ್ಟು ಬೆಳೆದಿದ್ದ ಅನ್ನೋದು ಕಿವಿಗೇ ಗೊತ್ತಾಗುತ್ತೆ.