ಬೋಳಾರದ ಐತಿಹ್ಯವೂ ‘ಸಪ್ರತಿಪಕ್ಷ’ ಸತ್ತೆಯೂ

ಮಂಗಳೂರಿನ ಬೋಳಾರದಲ್ಲಿರುವ ಮಂಗಳಾದೇವಿಯ ಐತಿಹ್ಯವು ಮತ್ಸ್ಯೇಂದ್ರನಾಥ, ಗೋರಖನಾಥರೊಡನೆ ಹೆಣೆದುಕೊಂಡಿದೆ. ನಾಥಯೋಗಿಗಳೊಡನೆ ಬಂದ ಮಲಯಾಳ ದೇಶದ ರಾಜಕುಮಾರಿಯು ಇಲ್ಲಿಯೇ ನಿಂತು ದೇವಿಯೆನಿಸಿದಳೆಂಬುದು ಜನಶ್ರುತಿ. ಕ್ರಿ.ಶ. 968ರಲ್ಲಿ ಆಳುಪ ಕುಂದವರ್ಮನು ಲೋಕೇಶ್ವರಬಿಂಬವನ್ನು ಪ್ರತಿಷ್ಠಿಸಿದುದನ್ನು ಹೇಳುವ ಕದಿರೆಯ ಶಾಸನದ ಪ್ರಾಮಾಣ್ಯವು ಇದಕ್ಕಿಲ್ಲ. ಆದರೂ ಈ ಸೀಮೆಯಲ್ಲಿ ನಾಥರ ಏಕತತ್ತ್ವವಾದವು ಬಳಕೆಯಲ್ಲಿದ್ದುದಕ್ಕೆ ಅದೊಂದು ಕುರುಹು.

ಗೋರಖನಾಥನ ಹೆಸರಿನಲ್ಲಿರುವ ಸಿದ್ಧಸಿದ್ಧಾಂತಪದ್ಧತಿಯು ಪಿಂಡದಲ್ಲಿಯೇ ಬ್ರಹ್ಮಾಂಡವನ್ನು ಕಾಣಿಸಿ, ಶಿವಶಕ್ತಿಗಳಲ್ಲಿ ಅಂತರವಿಲ್ಲವೆನ್ನುತ್ತದೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಅದ್ವೈತೈಕಾಂತಕ್ಕೆ ತೋರಿದ ದೋಷಗಳು ಇದಕ್ಕೂ ತಗಲುವುವೆ ಎಂಬುದು ವಿಚಾರಣೀಯ. ಪೂರ್ಣವಾಗಿ ತಗಲುವುದಿಲ್ಲ. ಕ್ರಿಯಾಕಾರಕಭೇದವು ಪ್ರತ್ಯಕ್ಷವಾಗಿರಲು ಏಕತ್ವವು ಹೇಗೆಂಬ ಆಕ್ಷೇಪವು ಭೇದವನ್ನು ಮಾಯೆಯೆನ್ನುವವರಿಗೆ ತಾಗುವಷ್ಟು, ಅದನ್ನು ಶಕ್ತಿಯ ವಿಲಾಸವೆನ್ನುವ ನಾಥರಿಗೆ ತಾಗದು. ಬಂಧಮೋಕ್ಷಗಳ ಪ್ರಶ್ನೆಯಾದರೋ ಅವರನ್ನೂ ಬಿಡದು. ಇರುವುದೆಲ್ಲವೂ ಶಿವನೇ ಆದರೆ ಬದ್ಧನಾದವನು ಯಾರು? ಒಬ್ಬನು ಮುಕ್ತನಾದಾಗ ಉಳಿದವರು ಹಾಗೆಯೇ ಉಳಿಯುವುದೇಕೆ?

ಹಾಲೆಂಡಿನ ಸ್ಪಿನೋಜನು, 1677ರಲ್ಲಿ ಅವನ ಮರಣಾನಂತರ ಪ್ರಕಟವಾದ ನೀತಿಶಾಸ್ತ್ರದಲ್ಲಿ, ದ್ರವ್ಯವು ಸ್ವಾಶ್ರಿತವೆಂಬ ಲಕ್ಷಣದಿಂದ ಹೊರಟು ಅದು ಒಂದೇ ಎಂಬಲ್ಲಿಗೆ ಮುಟ್ಟಿದನು. ಜೈನಾಗಮವು ಅದೇ ಸ್ವಾತಂತ್ರ್ಯವನ್ನು ಹಿಡಿದು ಅನಂತ ಜೀವಗಳನ್ನೂ ಅನಂತ ಪುದ್ಗಲಗಳನ್ನೂ ಕಾಣುತ್ತದೆ. ಧರ್ಮ, ಅಧರ್ಮ, ಆಕಾಶಗಳು ಮಾತ್ರ ಒಂದೊಂದೇ.

ಹಾಗೆಂದು ಜೈನದರ್ಶನದಲ್ಲಿ ಏಕತ್ವಕ್ಕೆ ಎಡೆಯಿಲ್ಲವೆನ್ನುವುದು ಅವಸರದ ಮಾತು. ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ಸತ್ತೆಯು ಏಕವೆಂದೂ ಸರ್ವಪದಾರ್ಥಗಳಲ್ಲಿ ಇರುವುದೆಂದೂ ಹೇಳಿದ್ದಾರೆ. ಇಷ್ಟನ್ನೇ ಉದ್ಧರಿಸಿದರೆ ಅದ್ವೈತಿಯೂ ತಲೆದೂಗಿಯಾನು. ಆದರೆ ಅದೇ ಗಾಥೆಯಲ್ಲಿ ‘ಸಪ್ಪಡಿವಕ್ಖಾ’ ಎಂಬ ಪದವಿದೆ. ಸತ್ತೆಯು ತನ್ನ ಪ್ರತಿಪಕ್ಷದೊಡಗೂಡಿಯೇ ಇರುವುದೆಂದರ್ಥ. ಅಮೃತಚಂದ್ರಸೂರಿಗಳು ಮಹಾಸತ್ತೆ, ಅವಾಂತರಸತ್ತೆಗಳೆಂದು ವಿಭಜಿಸಿ, ಏಕಕ್ಕೆ ಅನೇಕವು ಪ್ರತಿಪಕ್ಷವೆಂದು ವ್ಯಾಖ್ಯಾನಿಸುವುದು ಈ ಪದದ ಬಲದಿಂದಲೇ. ಸಂಗ್ರಹನಯಕ್ಕೆ ಒಂದಾಗಿ ತೋರುವುದು ವ್ಯವಹಾರನಯಕ್ಕೆ ಹಲವಾಗುತ್ತದೆ. ಲಿಪಿಕಾರನ ಕೈತಪ್ಪಿನಿಂದ ಈ ಒಂದು ಪದ ಬಿಟ್ಟುಹೋದರೆ ಗಾಥೆಯು ಮತ್ತೊಂದು ದರ್ಶನದ ಪಾಲಾಗುವುದು.

ಡಾ. ಆ. ನೇ. ಉಪಾಧ್ಯೆಯವರು 1937ರಲ್ಲಿ ಸಂಪಾದಿಸಿದ ಯೋಗೀಂದುದೇವರ ಪರಮಾತ್ಮಪ್ರಕಾಶವೂ ಇಂತಹ ಗೊಂದಲಕ್ಕೆ ಎಡೆಗೊಡುತ್ತದೆ. ಅಲ್ಲಿ ಪರಮಾತ್ಮನಿಗೆ ಹರಿಹರಾದಿ ನಾಮಗಳುಂಟು. ದೇಹದಲ್ಲಿಯೇ ಅವನ ನೆಲೆಯೆಂಬ ಮಾತುಂಟು. ಆದರೆ ಆ ಪರಮಾತ್ಮನು ಪ್ರತಿಯೊಂದು ಜೀವದ ಶುದ್ಧಸ್ವರೂಪವೇ ಹೊರತು ಎಲ್ಲವನ್ನೂ ನುಂಗಿಕೊಂಡ ಏಕದ್ರವ್ಯವಲ್ಲ. ಇಂತಹ ಓಲೆಪ್ರತಿಗಳನ್ನು ಸೂಚಿಗೆ ಸೇರಿಸುವವರು ಮೊದಲ ಗರಿಯನ್ನಷ್ಟೇ ನೋಡಿ ‘ವೇದಾಂತ’ವೆಂದು ಬರೆಯದೆ, ಟೀಕೆಯು ನಯವನ್ನು ಹೆಸರಿಸುವ ಸ್ಥಳದವರೆಗಾದರೂ ಓದುವುದು ಅಗತ್ಯ.