ಎದೆಯ ಎಕೋ ಎಷ್ಟನ್ನು ಹೇಳಬಲ್ಲದು?

ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಜ್ 1953ರಲ್ಲಿ, ಲೋಹದ ದೋಷ ಪತ್ತೆಹಚ್ಚುವ ಯಂತ್ರವನ್ನೇ ಎದೆಗೆ ಹಿಡಿದು ಹೃದಯದ ಎಕೋ ಪರೀಕ್ಷೆಗೆ ನಾಂದಿ ಹಾಡಿದರು. ನೋವಿಲ್ಲ, ವಿಕಿರಣವಿಲ್ಲ, ಕವಾಟದ ದೋಷ, ಪಂಪಿಂಗ್ ಶಕ್ತಿ ಎಲ್ಲವನ್ನೂ ಅದು ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಎಂದು ಅದು ಕೊಡುವ ಭರವಸೆಯನ್ನು ನಾವು ಅಳತೆ ಮೀರಿ ನಂಬುತ್ತಿದ್ದೇವೆ.

ದೊಡ್ಡ ಹೃದಯಾಘಾತದ ನಂತರ ಎಡ ಹೃತ್ಕುಕ್ಷಿಯ ತುದಿ ಅಲುಗಾಡದೆ ನಿಂತು, ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಜಾಗ ಎದೆಗೋಡೆಗೆ ಹತ್ತಿರ. ಎದೆಯ ಎಕೋಗೆ ಸಾಮಾನ್ಯವಾಗಿ ಸಿಗುತ್ತದೆ. ಆದರೂ ಗೋಡೆಗೆ ತೆಳ್ಳಗೆ ಅಂಟಿದ ಹೆಪ್ಪು ತಪ್ಪಿಹೋಗಬಹುದು. ಅನುಮಾನವಿದ್ದರೆ ಕಾಂಟ್ರಾಸ್ಟ್ ಕೊಟ್ಟು ನೋಡಬೇಕು, ಇಲ್ಲವೇ ಎಂಆರ್‌ಐ ಮಾಡಿಸಬೇಕು.

ಹೃದಯದ ಬಡಿತ ತಾಳತಪ್ಪುವ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಕಥೆಯೇ ಬೇರೆ. ಕವಾಟದ ರೋಗವಿಲ್ಲದವರಲ್ಲಿ ಎಡ ಹೃತ್ಕರ್ಣದ ಹೆಪ್ಪುಗಳಲ್ಲಿ ಶೇ. 90ರಷ್ಟು ಕೂರುವುದು ಅದಕ್ಕೆ ಅಂಟಿದ ಕಿವಿಯಾಕಾರದ ಪುಟ್ಟ ಚೀಲದಲ್ಲಿ. ಎದೆಯ ಮೇಲಿಂದ ಆ ಚೀಲ ಸರಿಯಾಗಿ ಕಾಣುವುದೇ ಅಪರೂಪ. ಅನ್ನನಾಳ ಹೃತ್ಕರ್ಣದ ಬೆನ್ನಿಗೇ ಹಾದುಹೋಗುವುದರಿಂದ ಬಾಯಿಯ ಮೂಲಕ ಪ್ರೋಬ್ ಇಳಿಸುವ ಟಿಇಇ ಪರೀಕ್ಷೆಗೆ ಅದು ಹತ್ತಿರದಿಂದ ಸಿಗುತ್ತದೆ.

ಅಲ್ಲಿಯೂ ನೋಡುವವರ ಪರಿಣತಿಯೇ ಮುಖ್ಯ. ಚೀಲದ ಒಳಗೋಡೆಯ ಮಾಂಸದ ಏಣುಗಳು ಹೆಪ್ಪಿನಂತೆಯೇ ತೋರುತ್ತವೆ. ಕೋನ ಬದಲಿಸುತ್ತ ಹೋದರೆ ಏಣು ಗೋಡೆಯಿಂದ ಬೆಳೆದದ್ದೆಂದು ತಿಳಿಯುತ್ತದೆ. ಹೆಪ್ಪು ಬೇರೆಯೇ ಗಡ್ಡೆಯಾಗಿ ನಿಲ್ಲುತ್ತದೆ. ಚೀಲದಲ್ಲಿ ರಕ್ತದ ಹರಿವು ಸೆಕೆಂಡಿಗೆ 20 ಸೆಂ.ಮೀ.ಗಿಂತ ಇಳಿದು, ಪರದೆಯಲ್ಲಿ ಹೊಗೆಯಂಥ ಮಬ್ಬು ಸುತ್ತುತ್ತಿದ್ದರೆ ಹೆಪ್ಪು ಕಾಣದಿದ್ದರೂ ಅಪಾಯ ಹತ್ತಿರವಿದೆ ಎಂದರ್ಥ.

ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು ನಮ್ಮಲ್ಲಿ ಇನ್ನೂ ಬಹಳ. ಅವರ ಬಲೂನ್ ಚಿಕಿತ್ಸೆಯಲ್ಲಿ ತೂರುನಳಿಕೆ ಎಡ ಹೃತ್ಕರ್ಣಕ್ಕೇ ಹೋಗುತ್ತದೆ. ಅಲ್ಲಿ ಹೆಪ್ಪಿದ್ದು ಕಿತ್ತುಬಂದರೆ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಹಾಗಾಗಿ ಮೊದಲೇ ಟಿಇಇ ಮಾಡುವುದು ವಿವೇಕದ ಕ್ರಮ.

ಟಿಇಇಗೂ ಮಿತಿಯಿದೆ. ಹಸಿದಿರಬೇಕು, ಮಂಪರಿನ ಔಷಧ ಬೇಕಾಗುತ್ತದೆ, ಅಪರೂಪಕ್ಕೆ ಅನ್ನನಾಳಕ್ಕೆ ಗಾಯವಾಗಬಹುದು. ಎಲ್ಲರಿಗೂ ಅದು ಬೇಕಿಲ್ಲ. ಆದರೆ ಎದೆಯ ಎಕೋ ವರದಿಯಲ್ಲಿ 'ಹೆಪ್ಪು ಇಲ್ಲ' ಎಂದಷ್ಟೇ ಬರೆದು ಮುಗಿಸುವುದು ಸಾಲದು. ಕಿವಿಚೀಲ ಕಾಣಲಿಲ್ಲವಾದರೆ ಅದನ್ನೂ ಬರೆಯಬೇಕು. ಓದುಗರಲ್ಲಿ ಒಂದು ಮನವಿ: ಎಕೋ ನಾರ್ಮಲ್ ಬಂತೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕವಾಟದ ರೋಗವಿಲ್ಲದ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಆ ಮಾತ್ರೆ ಬೇಕೇ ಬೇಡವೇ ಎಂಬುದನ್ನು ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಲಕ್ವ ಹೊಡೆದಿತ್ತೇ ಎಂಬುದನ್ನೆಲ್ಲ ನೋಡಿ ವೈದ್ಯರು ನಿರ್ಧರಿಸುತ್ತಾರೆ.