ಐದು ಟನ್ನಿನ ಕಂಪ್ಯೂಟರನ್ನು ಕದಿಯುವುದು ಹೇಗೆ?

ಕಳೆದ ವಾರ ಮಾತು ಕೊಟ್ಟಂತೆ ಈ ಸಲ ‘ಆಪರೇಷನ್ ಡೈಮಂಡ್ ರಾಕೆಟ್’ ಬಗ್ಗೆ ಬರೆಯಬೇಕಿತ್ತು. ದೊರೈ-ಭಗವಾನ್ ಜೋಡಿಯ ಸಿಐಡಿ 999 ಚಿತ್ರಸರಣಿಯ ಕೊನೆಯ ಕಂತು ಅದು. ಬರಹ ಅರ್ಧಕ್ಕೆ ಬಂದಾಗ ರಾಮದುರ್ಗ ತಾಲ್ಲೂಕಿನ ಸುರೇಬಾನದಿಂದ ಓದುಗರೊಬ್ಬರ ಪತ್ರ ಬಂತು. ಹೊಲ ಮಾಡಿಕೊಂಡಿರುವವರು, ಎನ್. ನರಸಿಂಹಯ್ಯನವರ ಪತ್ತೇದಾರರಾದ ಪುರುಷೋತ್ತಮ, ಮಧುಸೂದನ, ಅರಿಂಜಯರ ಕಾಲದಿಂದ ಪತ್ತೇದಾರಿ ಕಾದಂಬರಿ ಓದುತ್ತ ಬಂದವರು. ಈಚೆಗೆ ಓದಿದ ಗೂಢಚಾರಿ ಕಥೆಯೊಂದರಲ್ಲಿ ಜಗತ್ತನ್ನೇ ನಡುಗಿಸಬಲ್ಲ ಪ್ರಯೋಗದ ಕಂಪ್ಯೂಟರನ್ನು ಖಳರು ಸೂಟ್‌ಕೇಸಿನಲ್ಲಿ ಹೊತ್ತೊಯ್ಯುತ್ತಾರಂತೆ. ಇದು ಆಗುವ ಮಾತೇ ಎಂದು ಕೇಳಿದ್ದಾರೆ. ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಾಕೆಟ್ ಮುಂದಿನ ವಾರ ಹಾರಲಿ.

ಮೊದಲು ಯಂತ್ರ. 1976ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಅಣ್ವಸ್ತ್ರ ಪ್ರಯೋಗಾಲಯಕ್ಕೆ ಹೋದ ಕ್ರೇ-1, ಆ ಕಾಲಕ್ಕೆ ಲೋಕದ ಅತಿ ವೇಗದ ಕಂಪ್ಯೂಟರ್. ತೂಕ ಐದು ಟನ್ನಿಗೂ ಹೆಚ್ಚು. ಮೇಲಿಂದ ನೋಡಿದರೆ ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ ಆಕಾರ. ಅದು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಒಂದು ಅಡಿ ಸಾಗೀತು. ತಂತಿ ಉದ್ದವಾದಷ್ಟೂ ಲೆಕ್ಕ ತಡ. ಅದಕ್ಕೇ ಅದನ್ನು ರೂಪಿಸಿದ ಸೀಮೋರ್ ಕ್ರೇ ಇಡೀ ಯಂತ್ರವನ್ನು ದುಂಡಗೆ ಬಗ್ಗಿಸಿ, ಒಳಗಿನ ಯಾವ ತಂತಿಯೂ ನಾಲ್ಕು ಅಡಿ ಮೀರದಂತೆ ನೋಡಿಕೊಂಡ. ವಿಸ್ಕಾನ್ಸಿನ್ ರಾಜ್ಯದ ಚಿಪೆವಾ ಫಾಲ್ಸ್ ಎಂಬ ಸಣ್ಣ ಊರಿನ ಹೆಣ್ಣುಮಕ್ಕಳು ಆ ತಂತಿಗಳನ್ನು ಒಂದೊಂದಾಗಿ ಕೈಯಿಂದಲೇ ಜೋಡಿಸಿದರು. ಬಿಸಿ ಇಳಿಸಲು ಕೊಳವೆಗಳಲ್ಲಿ ಫ್ರಿಯಾನ್ ಹರಿಯುತ್ತಿರಬೇಕು. ಇಂಥದ್ದನ್ನು ಹೊತ್ತೊಯ್ಯಲು ಕ್ರೇನು, ಲಾರಿ, ಅದನ್ನು ನಡೆಸಬಲ್ಲ ಎಂಜಿನಿಯರುಗಳ ತಂಡ, ಬಿಡಿಭಾಗ ಎಲ್ಲವೂ ಬೇಕು. ಸೂಟ್‌ಕೇಸಿನ ಮಾತು ಬಿಡಿ.

ಹಾಗೆಂದು ಕಳ್ಳತನ ನಡೆದೇ ಇಲ್ಲವೆಂದಲ್ಲ. 1983ರ ನವೆಂಬರಿನಲ್ಲಿ ಸ್ವೀಡನ್ನಿನ ಕಸ್ಟಮ್ಸ್ ಅಧಿಕಾರಿಗಳು ವ್ಯಾಕ್ಸ್ 11/782 ಕಂಪ್ಯೂಟರಿನ ಭಾಗಗಳು ತುಂಬಿದ್ದ ಕಂಟೇನರುಗಳನ್ನು ಹಿಡಿದರು. ಅಮೆರಿಕದಿಂದ ಹೊರಟ ಯಂತ್ರ ದಕ್ಷಿಣ ಆಫ್ರಿಕಾ ಸುತ್ತಿ ಸೋವಿಯತ್ ಒಕ್ಕೂಟಕ್ಕೆ ಸಾಗುತ್ತಿತ್ತು. ಇಲ್ಲಿ ಪಿಸ್ತೂಲು ಸಿಡಿಯಲಿಲ್ಲ, ಯಾರೂ ಹಗ್ಗ ಹಿಡಿದು ಇಳಿಯಲಿಲ್ಲ. ನಡೆದದ್ದೆಲ್ಲ ಹೆಸರಿಗಷ್ಟೇ ಇದ್ದ ಕಂಪನಿ, ಬಿಲ್ಲು, ಹಡಗಿನ ಕಾಗದಪತ್ರಗಳಲ್ಲಿ. ನಿಜವಾದ ಗೂಢಚರ್ಯೆಯಲ್ಲಿ ಗುಮಾಸ್ತನ ಕೆಲಸವೇ ಹೆಚ್ಚು ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಇನ್ನೂ ಹೇಳುತ್ತೇನೆ.

ಈ ಮಾತಿಗೆ ನಾನು ಸದಾ ಮುಂದಿಡುವ ಪುಸ್ತಕ ಕ್ಲಿಫ್ ಸ್ಟಾಲ್ ಬರೆದ ‘ದಿ ಕುಕೂಸ್ ಎಗ್’. 1989ರಲ್ಲಿ ಬಂತು. ಪ್ರತಿ ಪುಟವೂ ನಡೆದ ಘಟನೆ. ಸ್ಟಾಲ್ ಖಗೋಳ ವಿಜ್ಞಾನಿ. ಅನುದಾನ ಮುಗಿದದ್ದರಿಂದ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯದ ಕಂಪ್ಯೂಟರ್ ವಿಭಾಗಕ್ಕೆ ಬಂದವನು. 1986ರ ಆಗಸ್ಟಿನಲ್ಲಿ ಅವನಿಗೆ ಸಿಕ್ಕ ಮೊದಲ ಕೆಲಸ, ಲೆಕ್ಕದಲ್ಲಿ ಕಡಿಮೆ ಬಿದ್ದ 75 ಸೆಂಟ್ ಎಲ್ಲಿ ಹೋಯಿತೆಂದು ಹುಡುಕುವುದು. ಒಂದು ಡಾಲರ್ ಕೂಡ ಅಲ್ಲ. ಬೇರೆಯವರಾದರೆ ಕೈಯಿಂದ ಹಾಕಿ ಮುಗಿಸುತ್ತಿದ್ದರು. ಸ್ಟಾಲ್ ಬಿಡಲಿಲ್ಲ. ಯಾರೋ ಹಣ ಕಟ್ಟದೆ ಕಂಪ್ಯೂಟರ್ ಬಳಸಿದ್ದು ಗೊತ್ತಾಯಿತು. ಒಳಬರುವ ದೂರವಾಣಿ ಮಾರ್ಗ ಸುಮಾರು 50. ಶುಕ್ರವಾರ ಸಂಜೆ ಸಹೋದ್ಯೋಗಿಗಳೆಲ್ಲ ಮನೆಗೆ ಹೋದ ಮೇಲೆ ಅವರವರ ಮೇಜಿನಿಂದ ಪ್ರಿಂಟರು, ಟರ್ಮಿನಲ್ಲು ಎತ್ತಿ ತಂದು ಒಂದೊಂದು ಮಾರ್ಗಕ್ಕೆ ಒಂದೊಂದನ್ನು ಕಟ್ಟಿ, ಅವುಗಳ ನಡುವೆಯೇ ನೆಲದ ಮೇಲೆ ಮಲಗಿದ. ಬೆಳಗಾಗುವಾಗ ಒಂದು ಪ್ರಿಂಟರಿನ ಕಾಗದ ಹತ್ತಾರು ಅಡಿ ಉದ್ದಕ್ಕೆ ಬಿದ್ದಿತ್ತು. ಕಳ್ಳ ಒತ್ತಿದ ಪ್ರತಿ ಅಕ್ಷರವೂ ಅದರ ಮೇಲಿತ್ತು.

ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಕಾಯುವಿಕೆ. ಕಳ್ಳ ಅಮೆರಿಕದ ಸೇನಾ ಕಂಪ್ಯೂಟರುಗಳ ಬಾಗಿಲು ತಟ್ಟುತ್ತಾನೆ, ಅಣುಬಾಂಬ್‌ಗೆ ಸಂಬಂಧಿಸಿದ ಪದಗಳನ್ನು ಹುಡುಕುತ್ತಾನೆ. ಎಫ್‌ಬಿಐಗೆ ಹೇಳಿದರೆ 75 ಸೆಂಟಿಗೆ ತನಿಖೆಯೇ ಎಂಬ ತಾತ್ಸಾರ. ಕಳ್ಳನ ಜಾಡು ಪಶ್ಚಿಮ ಜರ್ಮನಿಗೆ ಮುಟ್ಟಿತು. ಆದರೆ ಅಲ್ಲಿನ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮನೆ ಪತ್ತೆಯಾಗಬೇಕಾದರೆ ಕಳ್ಳ ಬಹಳ ಹೊತ್ತು ಲೈನಿನಲ್ಲಿರಬೇಕು. ಆಗ ಸ್ಟಾಲ್ ಮತ್ತು ಅವನ ಸಂಗಾತಿ ಮಾರ್ಥಾ ಸೇರಿ, ರೇಗನ್ನರ ‘ತಾರಾಯುದ್ಧ’ ಯೋಜನೆಯ ಹೆಸರಿನಲ್ಲಿ ರಾಶಿ ರಾಶಿ ಸುಳ್ಳು ಕಡತ ಸೃಷ್ಟಿಸಿ ಇಟ್ಟರು. ಕಳ್ಳ ಓದುತ್ತ ಕುಳಿತ. ಹ್ಯಾನೋವರ್ ನಗರದ ಮಾರ್ಕುಸ್ ಹೆಸ್ ಸಿಕ್ಕಿಬಿದ್ದ. ಕದ್ದ ಮಾಹಿತಿಯನ್ನು ಅವನ ಗುಂಪು ಕೆಜಿಬಿಗೆ ಮಾರಿತ್ತು.

ಇಲ್ಲಿ ಒಂದು ಹಳೆಯ ಜಗಳ ತೀರಿಸಿಕೊಳ್ಳಬೇಕು. ಕೆಂಪು ದೀಪ ಮಿಣುಕುವ, ಗುಂಡಿ ಒತ್ತಿದರೆ ಭೂಮಿ ಸಿಡಿಸುವ ಪೆಟ್ಟಿಗೆಯನ್ನು ತಂದಿಟ್ಟು ಅದನ್ನೇ ಥ್ರಿಲ್ಲರ್ ಎನ್ನುವ ಪಂಥ ನಮ್ಮಲ್ಲಿ ಇನ್ನೂ ಇದೆ. ಆ ಪಂಥದವರು ‘ಜೇಡರ ಬಲೆ’ಯನ್ನು ಉದಾಹರಿಸುತ್ತಾರೆ. 1968ರ ಆ ಚಿತ್ರದಲ್ಲಿ ಲೋಹವನ್ನು ಚಿನ್ನ ಮಾಡುವ ಸೂತ್ರಕ್ಕಾಗಿ ಹೋರಾಟ ನಡೆಯುತ್ತದೆ, ನಿಜ. ಆ ಚಿತ್ರ ನನಗೆ ಪ್ರಾಣ. ಆದರೆ ಅದನ್ನು ಎತ್ತಿ ಹಿಡಿದದ್ದು ರಾಜಕುಮಾರ್, ಸೂತ್ರವಲ್ಲ. ಯಂತ್ರವೇ ಕಥೆಯ ಮೂಲವಾದಾಗ ಅದು ಏನು ಮಾಡುತ್ತದೆ, ಯಾಕೆ ಅಪಾಯಕಾರಿ ಎಂಬುದು ಓದುಗನಿಗೆ ತಿಳಿಯಲೇಬೇಕು. ನಾಲ್ಕನೇ ತರಗತಿಯಷ್ಟೇ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದು ಹಳ್ಳಿಹಳ್ಳಿಯ ಓದುಗರನ್ನು ಹಿಡಿದಿಟ್ಟರು. ಆ ಓದುಗರಿಗೆ ತರ್ಕ ಬೇಡ, ಬೆರಗು ಸಾಕು ಎನ್ನುವುದು ಅವರಿಗೆ ಮಾಡುವ ಅವಮಾನ. ಸುರೇಬಾನದ ಪತ್ರವನ್ನೇ ನೋಡಿ.

ಹಾಗಾದರೆ ಕಂಪ್ಯೂಟರ್ ಯಾಕೆ ಅಪಾಯಕಾರಿ? ಉತ್ತರ ಸುರೇಬಾನದ ರೈತರಿಗೆ ನೇರವಾಗಿ ಸಂಬಂಧಿಸಿದ್ದು. ಗಾಳಿ ಬೀಸುವ, ಮೋಡ ಚಲಿಸುವ ಲೆಕ್ಕವೂ, ಬಾಂಬು ಸಿಡಿದಾಗ ಹಬ್ಬುವ ಆಘಾತದ ಅಲೆಯ ಲೆಕ್ಕವೂ ಹರಿವಿನ ಗಣಿತವೇ. ಮುಂಗಾರನ್ನು ಲೆಕ್ಕ ಹಾಕಬಲ್ಲ ಯಂತ್ರ ಅಣ್ವಸ್ತ್ರವನ್ನೂ ಲೆಕ್ಕ ಹಾಕಬಲ್ಲದು. 1980ರ ದಶಕದಲ್ಲಿ ಭಾರತ ಹವಾಮಾನ ಮುನ್ಸೂಚನೆಗೆಂದು ಎರಡು ಪ್ರೊಸೆಸರಿನ ಕ್ರೇ ಎಕ್ಸ್‌ಎಂಪಿ-24 ಕೇಳಿದಾಗ ಅಮೆರಿಕ ಹಿಂದೆಮುಂದೆ ನೋಡಿದ್ದು ಇದಕ್ಕೇ. ವರ್ಷಗಟ್ಟಲೆ ಚೌಕಾಶಿಯ ನಂತರ ಕೊಟ್ಟದ್ದು ಒಂದೇ ಪ್ರೊಸೆಸರಿನ ಎಕ್ಸ್‌ಎಂಪಿ-14. ಮಳೆಯ ಲೆಕ್ಕಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದೆಂಬ ಷರತ್ತು, ಅದರ ಮೇಲೆ ಕಾವಲು. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗ ತಾಲ್ಲೂಕಿನ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ, ಮಳೆಯ ಸುದ್ದಿ ಎರಡು ದಿನ ಮೊದಲು ಸಿಗುವುದರ ಬೆಲೆ ಏನೆಂದು ನಾನು ಹೇಳಬೇಕಿಲ್ಲ.

ಈಗ ನಿಜವಾದ ಕಥೆಗೆ ಬರುತ್ತೇನೆ. ದಿಲ್ಲಿಯಲ್ಲಿ ಆ ಚೌಕಾಶಿ ನಡೆದಿದ್ದ ಕಾಲದಲ್ಲೇ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, ಯು.ಎನ್. ಸಿನ್ಹಾ ಮತ್ತು ಸಂಗಡಿಗರು ಯಾರನ್ನೂ ಕೇಳದೆ ತಮ್ಮದೇ ಯಂತ್ರ ಕಟ್ಟಿದರು. ಇಂಟೆಲ್‌ನ 8086, 8087 ಚಿಪ್ಪುಗಳು ಆಗ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಮಾಮೂಲಿ ಸರಕು. ಅವುಗಳ ನಾಲ್ಕು ಪ್ರೊಸೆಸರ್ ಒಟ್ಟಿಗೆ ಕಟ್ಟಿ, ಒಂದೇ ಲೆಕ್ಕವನ್ನು ಹಂಚಿಕೊಂಡು ಏಕಕಾಲಕ್ಕೆ ಮಾಡುವಂತೆ ಹೂಡಿದರು. ಹೆಸರು ಫ್ಲೋಸಾಲ್ವರ್, ವರ್ಷ 1986. ಭಾರತದ ಮೊದಲ ಸಮಾಂತರ ಕಂಪ್ಯೂಟರ್. ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿಯ ಲೆಕ್ಕಕ್ಕೆ ಹುಟ್ಟಿದ ಅದರ ಮುಂದಿನ ಪೀಳಿಗೆಗಳು ‘ವರ್ಷ’ ಎಂಬ ಮಾದರಿಯ ಮೂಲಕ ಮುಂಗಾರಿನ ಮುನ್ಸೂಚನೆಗೂ ದುಡಿದವು. ಪುಣೆಯಲ್ಲಿ ವಿಜಯ ಭಟ್ಕರ್ ತಂಡದ ಪರಮ್ 8000 ಬಂದದ್ದು 1991ರಲ್ಲಿ. ಪರಮ್‌ಗೆ ಸಿಕ್ಕ ಕೀರ್ತಿ ನ್ಯಾಯವಾದದ್ದೇ. ಫ್ಲೋಸಾಲ್ವರ್ ಹೆಸರು ಕನ್ನಡಿಗರಿಗೇ ಗೊತ್ತಿಲ್ಲದಿರುವುದು ಮಾತ್ರ ಅನ್ಯಾಯ.

ಇದಕ್ಕಿಂತ ಒಳ್ಳೆಯ ಥ್ರಿಲ್ಲರ್ ವಸ್ತು ಬೇಕೇ? ಒಂದು ಕಡೆ ಕೊಡೆನೆನ್ನುವ ದೊಡ್ಡ ದೇಶ, ರಫ್ತು ಪರವಾನಗಿಯ ಕಡತಗಳು, ಯಾರು ಏನು ಖರೀದಿಸುತ್ತಾರೆಂದು ಕಾಯುವ ಕಣ್ಣುಗಳು. ಇನ್ನೊಂದು ಕಡೆ ಬೆಂಗಳೂರಿನ ಒಂದು ಕೋಣೆ, ನಾಲ್ಕು ಪ್ರೊಸೆಸರ್, ತಮ್ಮ ಲೆಕ್ಕ ಸರಿಯೆಂಬ ಹಟ. ಕನ್ನಡದಲ್ಲಿ ವಿಜ್ಞಾನ ಕಥೆಯನ್ನು ಬೆಳೆಸಿದ ರಾಜಶೇಖರ ಭೂಸನೂರಮಠರಂಥವರು ನಮ್ಮ ಉತ್ತರ ಕರ್ನಾಟಕದಲ್ಲೇ ಆಗಿಹೋದರು. ಭೌತವಿಜ್ಞಾನ ಕಲಿಸುತ್ತಲೇ ಕಾದಂಬರಿ ಬರೆದವರು ಅವರು. ಆ ದಾರಿ ಖಾಲಿ ಬಿದ್ದಿದೆ.

2015ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ‘ಸಹಸ್ರಟಿ’ ಎಂಬ ಸೂಪರ್ ಕಂಪ್ಯೂಟರ್ ಬಂತು. ಅದು ಅದೇ ಕ್ರೇ ಕಂಪನಿಯ ಯಂತ್ರ. ಅದಕ್ಕೂ ಮೊದಲಿನ ಆ ಮೂವತ್ತು ವರ್ಷಗಳಲ್ಲಿ ನಮ್ಮ ಪ್ರಯೋಗಾಲಯಗಳಲ್ಲಿ ದುಡಿದ ಕನ್ನಡಿಗರು ಬಹಳ ಮಂದಿ ಈಗ ನಿವೃತ್ತರು. ಅವರಲ್ಲಿ ಯಾರಾದರೂ ಈ ಅಂಕಣ ಓದುತ್ತಿದ್ದರೆ ನನ್ನ ಕೋರಿಕೆ ಇಷ್ಟೆ: ಕಾದಂಬರಿ ಆಗದಿದ್ದರೂ ಚಿಂತೆಯಿಲ್ಲ, ನೆನಪಿರುವುದನ್ನು ಕನ್ನಡದಲ್ಲಿ ಬರೆದಿಡಿ. ಸುರೇಬಾನದ ನನ್ನ ಓದುಗರು ಅದನ್ನು ಮೊದಲು ಓದುತ್ತಾರೆ.